ಇಂಪನಾಳ ಸಂಖ್ಯೆ

ಸೋಮವಾರ ಬೆಳಿಗ್ಗೆ ಪುಣೆಯ ಹಿಂಜವಾಡಿಯ ಆ ಕಚೇರಿಯ ಕಾರಿನ ಬ್ರೇಕ್ ಪರೀಕ್ಷೆಗಳ ದಾಖಲೆಯೆಲ್ಲ ಮಂಗಮಾಯವಾಗಿತ್ತು. ನಕಲು ಪ್ರತಿಗಳೂ ಇರಲಿಲ್ಲ. ಎಲ್ಲವನ್ನೂ ಅಳಿಸಿಹಾಕಿದ್ದ ಪುಟ್ಟ ಪ್ರೋಗ್ರಾಮ್ ಮಾತ್ರ ಸರ್ವರಿನಲ್ಲಿ ಹಾಗೇ ಕುಳಿತಿತ್ತು. ಅದರ ಮಾಲೀಕರ ಜಾಗದಲ್ಲಿ ಒಂದು ಹೆಸರು: ಇಂಪನಾ.

ಸೈಬರ್ ಠಾಣೆಯ ಇನ್‌ಸ್ಪೆಕ್ಟರ್ ಭಾಮಾ ಹಂಪಿಹೊಳಿ ಬರುವಷ್ಟರಲ್ಲಿ ತೀರ್ಪು ಆಗಿಹೋಗಿತ್ತು. ಮ್ಯಾನೇಜರ್ ರಾಜೀವ ಹುಡುಗಿಯ ಗುರುತಿನ ಕಾರ್ಡ್ ಕಸಿದುಕೊಂಡು, ಇವತ್ತೇ ಬಂಧಿಸಿ ಎಂದು ಮರಾಠಿಯಲ್ಲಿ ಗುಡುಗುತ್ತಿದ್ದ. ತುಮಕೂರಿನ ಇಂಪನಾ ಕೆಲಸಕ್ಕೆ ಸೇರಿ ತಿಂಗಳೂ ತುಂಬಿರಲಿಲ್ಲ. ಅತ್ತು ಅತ್ತು ಮುಖ ಊದಿತ್ತು. ಜೈಲಿನ ಮಾತು ಹಾಗಿರಲಿ, ಇಂಥ ಅಪವಾದ ಹೊತ್ತವಳಿಗೆ ಮತ್ತೆ ಯಾರು ಕೆಲಸ ಕೊಟ್ಟಾರು?

"ಮೇಡಂ, ನಾನು ಆ ಫೈಲ್ ನೋಡೇ ಇಲ್ಲ," ಎಂದಳು.

ಹೀಗೆನ್ನದ ಕಳ್ಳರನ್ನು ಭಾಮಾ ಕಂಡಿರಲಿಲ್ಲ. ಆದರೆ ಧಾರವಾಡದ ಈ ಹೆಂಗಸಿಗೆ ಒಂದು ಹಟವಿತ್ತು. ಅನಾಯಾಸವಾಗಿ ಕೈಗೆ ಸಿಕ್ಕ ಕಳ್ಳರನ್ನು ಆಕೆ ನಂಬುತ್ತಿರಲಿಲ್ಲ. ಆ ಪ್ರೋಗ್ರಾಮಿನ ಫೈಲಿನ ತಾರೀಖು ಇಂಪನಾ ಸೇರುವುದಕ್ಕೂ ಮುಂಚಿನದು. ತಾರೀಖು ತಿದ್ದಬಹುದು ಎಂದ ರಾಜೀವ. ಅದೂ ನಿಜವೇ. ಸೋತ ಪರೀಕ್ಷೆಗಳನ್ನು ಮುಚ್ಚಿಡಲು ಅವನೇ ಅಳಿಸಿದನೇ? ವಿಚಾರಿಸಿದರೆ, ಪರೀಕ್ಷೆಗಳೆಲ್ಲ ಚೆನ್ನಾಗಿಯೇ ಆಗಿದ್ದವು. ದಾಖಲೆ ಹೋಗಿ ಮುಳುಗಿದವನು ಅವನೇ.

*

"ನೀ ಮಾಡಿದ ಕೆಲಸ ತೋರಸವಾ," ಎಂದಳು ಭಾಮಾ.

ಇಂಪನಾ ಎಲ್ಲರೂ ಹಂಚಿಕೊಳ್ಳುವ ಫೋಲ್ಡರ್ ತೆರೆದಳು. ಅವಳು ಬರೆದ ಫೈಲುಗಳ ಎದುರು ಹೆಸರೇ ಇಲ್ಲ, ಬರೀ ಒಂದು ಸಂಖ್ಯೆ. ಶುಕ್ರವಾರ ಇಲ್ಲೆಲ್ಲ ತನ್ನ ಹೆಸರೇ ಇತ್ತು ಎಂದಳು.

ಭಾಮಾ ಸರ್ವರ್ ನೋಡಿಕೊಳ್ಳುವ ಋಷಿಕೇಶನನ್ನು ಕರೆಸಿದಳು. ಬೆಳಗಾವಿಯವನು, ಮೆತ್ತಗಿನ ಮಾತಿನವನು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಅನಾಹುತ ಕಂಡವನೂ ಅವನೇ. ಅವನೆದುರೇ ರಾಜೀವನಿಗೆ ಬಿಡಿಸಿ ಹೇಳಿದಳು. ಫೈಲಿನ ಮೇಲೆ ಯಂತ್ರ ಹೆಸರು ಬರೆಯುವುದಿಲ್ಲ, ಮಾಲೀಕರ ಸಂಖ್ಯೆ ಬರೆಯುತ್ತದೆ. ನಾವು ಕೇಳಿದಾಗ ಸಿಸ್ಟಮ್ ಲೈಬ್ರರಿಯ ಒಂದು ಫಂಕ್ಷನ್ ಆ ಸಂಖ್ಯೆ ಹಿಡಿದು ಖಾತೆಗಳ ಪಟ್ಟಿಗೆ ಹೋಗಿ, ಈಗ ಅದು ಯಾರದೋ ಅವರ ಹೆಸರು ತರುತ್ತದೆ. ಹಿಂದೆ ಯಾರದಾಗಿತ್ತು ಎಂಬುದು ಅದಕ್ಕೆ ಬೇಕಿಲ್ಲ. ಯಾರೂ ಸಿಗದಿದ್ದರೆ ಸಂಖ್ಯೆಯಷ್ಟೇ ಕಾಣುತ್ತದೆ.

ಯಾರೋ ಇಂಪನಾಳ ಸಂಖ್ಯೆ ಕಿತ್ತು, ಪ್ರೋಗ್ರಾಮಿನ ಮೇಲಿದ್ದ ಸಂಖ್ಯೆಯನ್ನು ಅವಳಿಗೆ ಅಂಟಿಸಿದ್ದರು. ಅವಸರದಲ್ಲಿ ಹಂಚಿಕೆಯ ಫೋಲ್ಡರನ್ನು ಮರೆತಿದ್ದರು; ಅಲ್ಲಿನ ಫೈಲುಗಳ ಮೇಲೆ ಅವಳ ಹಳೆಯ ಸಂಖ್ಯೆ ಯಾರದೂ ಅಲ್ಲದೆ ಉಳಿದಿತ್ತು. ಅಂಥ ಅಧಿಕಾರ ಆ ಕಚೇರಿಯಲ್ಲಿ ಒಬ್ಬನಿಗೇ ಇತ್ತು.

"ಆ ನಂಬರ್ ಮೊದಲ ಯಾರದಿತ್ರಿ, ಋಷಿಕೇಶ?"

"ಅಭಿಲಾಷಂದ್ರಿ."

*

ಅಭಿಲಾಷ ಅದೇ ಕಚೇರಿಯವನು, ಋಷಿಕೇಶನ ರೂಮಿನ ಗೆಳೆಯ. ಕೆಲವು ತಿಂಗಳ ಹಿಂದೆ ಹೆದ್ದಾರಿಯ ಅಪಘಾತದಲ್ಲಿ ತೀರಿಕೊಂಡಿದ್ದ. ಕೆಲಸ ಬಿಟ್ಟವರ ಖಾತೆಯನ್ನು ಅಂದೇ ಅಳಿಸುವುದು ಅಲ್ಲಿನ ಪದ್ಧತಿ. ಇವನದನ್ನು ಅಳಿಸಲು ಯಾರಿಗೂ ಮನಸ್ಸು ಬರಲಿಲ್ಲ.

ಆ ಖಾತೆಯಲ್ಲಿ ಒಂದು ಹಳೆಯ ಸಿಟ್ಟು ಉಳಿದುಕೊಂಡಿತ್ತು. ಕೆಲಸದಿಂದ ಕಿತ್ತುಹಾಕುತ್ತೇನೆಂದು ರಾಜೀವ ಹೆದರಿಸಿದಾಗ, ತಾನು ಬಹುಕಾಲ ಲಾಗಿನ್ ಆಗದಿದ್ದರೆ ಎಲ್ಲವನ್ನೂ ಅಳಿಸುವ ಪ್ರೋಗ್ರಾಮ್ ಬರೆದಿಟ್ಟಿದ್ದ ಅಭಿಲಾಷ. ಆಮೇಲೆ ಸಿಟ್ಟು ಇಳಿದಿದ್ದೀತು. ಪ್ರೋಗ್ರಾಮ್ ತೆಗೆಯಲು ಅವನೇ ಉಳಿಯಲಿಲ್ಲ.

ಬೆಳಿಗ್ಗೆ ಆ ಪ್ರೋಗ್ರಾಮಿನ ಮೇಲೆ ಗೆಳೆಯನ ಹೆಸರು ಕಂಡದ್ದೇ ಋಷಿಕೇಶ ಆ ಖಾತೆ ಅಳಿಸಿ, ಸಂಖ್ಯೆಯನ್ನು ಇಂಪನಾಳಿಗೆ ಕೊಟ್ಟಿದ್ದ.

"ಅವರವ್ವ ರುಕ್ಮಿಣಮ್ಮ ಈಗೂ ಫೋನ್ ಮಾಡ್ತಾರ್ರಿ," ಎಂದ. "ಮಗ ಎಷ್ಟು ಛಲೋ ಇದ್ದ ಅಂತ ನನ್ನ ಬಾಯಿಂದ ಕೇಳಬೇಕು ಅವರಿಗೆ. ಅವನ ಹೆಸರು ಕೆಡಸಾಕ ಆಗಲಿಲ್ರಿ."

ಭಾಮಾ ಕೋಳ ಹಾಕಿಸಲಿಲ್ಲ, ಜೀಪಿಗೆ ನಡೆ ಎಂದಳು ಅಷ್ಟೇ.

ಬಾಗಿಲಲ್ಲಿ ಇಂಪನಾ ಅಡ್ಡ ನಿಂತಳು. ಗುರುತು ಪರಿಚಯವಿಲ್ಲದ ಪುಣೆಯಲ್ಲಿ ಅವಳಿಗೆ ಇರಲು ಜಾಗ ಹುಡುಕಿಕೊಟ್ಟವನು, ಮೊದಲ ವಾರ ತನ್ನ ಡಬ್ಬಿಯ ಊಟ ಹಂಚಿಕೊಂಡವನು ಋಷಿಕೇಶನೇ.

"ಇಷ್ಟು ಜನ ಇದ್ರಲ್ಲ. ನನ್ನನ್ನೇ ಯಾಕೆ?"

ಅವನು ತಲೆ ಎತ್ತಲಿಲ್ಲ. "ನಿನಗ ಇಲ್ಲೆ ನಮ್ಮವರು ಅಂತ ಯಾರೂ ಇರಲಿಲ್ಲ."

"ನೀವಿದ್ದೀರ ಅಂದ್ಕೊಂಡಿದ್ದೆ," ಎಂದಳು ಇಂಪನಾ.