ಆರನೇ ಹಾಡಿನ ನಡುವೆ

ಕಪಾಟಿನಲ್ಲಿ ಡಬ್ಬಿ ಇತ್ತು. ಡಬ್ಬಿಯೊಳಗೆ ಕಡಗ ಇರಲಿಲ್ಲ.

ಪುತಳಾಬಾಯಿ ಡಬ್ಬಿಯನ್ನು ತಲೆಕೆಳಗು ಮಾಡಿದರು. ಮಖಮಲ್ಲಿನ ಅರಿವೆ ಬಿತ್ತು, ಅಷ್ಟೇ. ನಿಜಾಮರ ಕಾಲದಲ್ಲಿ ಅವರ ತಾಯಿಯ ಹಾಡಿಗೆ ಮನಸೋತ ಜಾಗೀರದಾರರೊಬ್ಬರು ಸ್ವಂತ ಕೈಯಿಂದ ಬಿಚ್ಚಿ ಕೊಟ್ಟ ಚಿನ್ನದ ಕಡಗ ಅದು. ಪುತಳಾಬಾಯಿಯೂ ಹೆಸರಾದ ಗಾಯಕಿ. ಹಾಡಲು ಹೊರಡುವ ಮುಂಚೆ ಕಡಗವನ್ನು ಕಣ್ಣಿಗೊತ್ತಿಕೊಂಡು ಮತ್ತೆ ಡಬ್ಬಿಯಲ್ಲಿಡುವುದು ಅವರ ರೂಢಿ. ನಿನ್ನೆ ಮಧ್ಯಾಹ್ನ ಕಮಲಾಪುರಕ್ಕೆ ಹೊರಟಾಗಲೂ ಹಾಗೇ ಮಾಡಿದ್ದರು.

೧೯೯೪ರ ಚಳಿಗಾಲ. ಸಬ್ ಇನ್ಸ್‌ಪೆಕ್ಟರ್ ಸಾವಿತ್ರಿಬಾಯಿ, ಕಾನ್‌ಸ್ಟೇಬಲ್ ಮಲ್ಲಣ್ಣನನ್ನು ಕರೆದುಕೊಂಡು ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯ ಆ ಮನೆಗೆ ಬಂದಳು. ಬಾಗಿಲ ಕೀಲಿ ಮುರಿದಿರಲಿಲ್ಲ. ಕಪಾಟಿನದೂ ಮುರಿದಿರಲಿಲ್ಲ.

"ನಿನ್ನೆ ಮನ್ಯಾಗ ಯಾರಿದ್ರು?"

"ಗುಂಡಮ್ಮ ಒಬ್ಬಾಕಿರೀ. ನಮ್ಮ ಹುಡುಗರು ಸಣ್ಣೋರಿದ್ದಾಗಿಂದ ಮನಿಗೆಲಸಕ್ಕ ಇದ್ದಾಳ."

ಗುಂಡಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಸಂಜೆ ಎಲ್ಲೂ ಹೋಗಿರಲಿಲ್ಲ ಎಂದಳು. ಅಷ್ಟರಲ್ಲಿ ಮಲ್ಲಣ್ಣ ಪಕ್ಕದ ಮನೆಯವರನ್ನು ವಿಚಾರಿಸಿ ಬಂದ.

"ಸಂಜೀಕ ಈ ಬಾಗಿಲಿಗೆ ಕೀಲಿ ಇತ್ತಂತ ಮೇಡಂ."

ಪುತಳಾಬಾಯಿ ಕುರ್ಚಿಯ ಮೇಲೆ ಕುಸಿದರು. "ಗುಂಡಿ, ನೀನಾ?"

ಗುಂಡಮ್ಮ ಓಣಿಯ ಮಂದಿ ನೋಡುತ್ತಿದ್ದಂತೆ ಜೀಪು ಹತ್ತಿದಳು.

* * *

ಠಾಣೆಯಲ್ಲಿ ಒಂದು ಲೋಟ ಚಹಾ ಕುಡಿದ ಮೇಲೆ ಅವಳು ಬಾಯಿಬಿಟ್ಟಳು.

"ತಮ್ಮನ ಹೇಣ್ತಿ ಹಡದಾಳ್ರೀ. ಕೂಸು ನೋಡಾಕ ದವಾಖಾನಿಗಿ ಹೋಗಿದ್ದೆ. ಮನಿ ಬಿಟ್ಟು ಹೋಗಬ್ಯಾಡ ಅಂದಿದ್ರು ಅಕ್ಕಾರು. ಅದಕ್ಕ ಸುಳ್ಳು ಹೇಳಿದೆ."

ದವಾಖಾನೆಯ ನರ್ಸು ಅವಳನ್ನು ಗುರುತಿಸಿದಳು. ಸಂಜೆಯಿಂದ ಪುತಳಾಬಾಯಿ ಮನೆಗೆ ಮರಳುವ ಸ್ವಲ್ಪ ಮುಂಚಿನವರೆಗೂ ಗುಂಡಮ್ಮ ಬಾಣಂತಿಯ ಹಾಸಿಗೆ ಬಿಟ್ಟು ಕದಲಿರಲಿಲ್ಲ. ಹಾಗಾದರೆ ಕಳ್ಳನ ಕೈಯಲ್ಲಿ ಬೇರೆ ಕೀಲಿಕೈ ಇತ್ತು.

ಸಾವಿತ್ರಿಬಾಯಿ ಮತ್ತೆ ಪುತಳಾಬಾಯಿಯ ಮುಂದೆ ಕೂತಳು.

"ನಿಮ್ಮ ಕೀಲಿಕೈ ಎಲ್ಲಿದ್ದುವು?"

"ಬ್ಯಾಗಿನ್ಯಾಗರೀ. ಮನೀದು, ಕಪಾಟಿಂದು, ಎರಡೂ. ಹಾಡುವಾಗ ಬ್ಯಾಗು ಚಂದ್ರಶಾನ ಮೇಜಿನ ಬುಡಕ ಇಡ್ತೀನಿ. ಸೌಂಡ್ ಸೆಟ್ಟಿನ ಹತ್ರ ಯಾರೂ ಸುಳಿಯಂಗಿಲ್ಲ."

ಚಂದ್ರಶಾನಿಗೆ ಸ್ಟೇಶನ್ ಬಜಾರದಲ್ಲಿ ಸೌಂಡ್ ಸರ್ವಿಸ್ ಅಂಗಡಿ. ಪುತಳಾಬಾಯಿಯ ಕಾರ್ಯಕ್ರಮಗಳಿಗೆಲ್ಲ ಅವನದೇ ಮೈಕು. ಕಮಲಾಪುರದಿಂದ ಕಲಬುರಗಿಗೆ ಮೋಟರ್ ಸೈಕಲ್ ಮೇಲೆ ತಾಸಿನೊಳಗೆ ಬರಬಹುದು. ಆದರೆ ಹಾಡು ನಡೆದಿರುವಾಗ ಸೆಟ್ ಬಿಟ್ಟು ಅವನು ಬರುವುದು ಹೇಗೆ?

* * *

ಕಮಲಾಪುರದ ಆ ಹಾಲಿಗೆ ತಗಡಿನ ಮಾಡು. ಎರಡನೇ ದಿನದ ಕಾರ್ಯಕ್ರಮ ಇದ್ದುದರಿಂದ ಸೆಟ್ ಅಲ್ಲೇ ಇತ್ತು. ವೇದಿಕೆಯ ಪಕ್ಕ, ಪರದೆಯ ಮರೆಯಲ್ಲಿ ಮೇಜು. ಅಲ್ಲಿ ಕೂತವನು ಹಾಡುವವರಿಗೂ ಕಾಣುವುದಿಲ್ಲ, ಕೇಳುವವರಿಗೂ ಕಾಣುವುದಿಲ್ಲ.

ಚಂದ್ರಶಾ ವೈರು ಒರೆಸುತ್ತಿದ್ದ. ಮೆತ್ತಗಿನ ಮಾತಿನ ಮನುಷ್ಯ. ಸಾಲಾಗಿ ಗುಂಡಿಗಳಿದ್ದ ಒಂದು ಪೆಟ್ಟಿಗೆಯನ್ನು ತೋರಿಸಿ ಸಾವಿತ್ರಿಬಾಯಿ ಏನಿದು ಎಂದು ಕೇಳಿದಾಗ ಅವನ ಮುಖ ಅರಳಿತು.

"ಈಕ್ವಲೈಜರ್‌ರೀ. ದನಿಯೊಳಗ ದಪ್ಪ ಸದ್ದು ಇರತಾವ, ಚೂಪಾದ ಸಣ್ಣ ಸದ್ದೂ ಇರತಾವ. ಹೆಚ್ಚಾದದ್ದು ಇಳಸಬೇಕು, ಕಡಿಮ್ಯಾದದ್ದು ಏರಸಬೇಕು. ಕೇಳ್ರಿ."

ಅವನು ಒಂದು ಚಪ್ಪಾಳೆ ಹೊಡೆದ. ಮಾಡಿನ ತಗಡು ಝಣ್ ಎಂದಿತು.

"ಖಾಲಿ ಹಾಲಿನ್ಯಾಗ ತಗಡು ಹಿಂಗ ಚೀರತದ. ಅದಕ್ಕ ಸಣ್ಣ ಸದ್ದು ಇಳಸಿಡ್ತೀನಿ. ಮಂದಿ ತುಂಬಿದ್ರ ಅವರ ಮೈ, ಅರಿವಿ ಎಲ್ಲಾ ಆ ಸದ್ದು ನುಂಗತಾವ. ಆಗ ಮತ್ತ ಏರಸಬೇಕು. ಇಲ್ಲಂದ್ರ ಬಾಯಿಗಿ ಕಂಬಳಿ ಮುಚ್ಚಿ ಹಾಡಿದಂಗ ಆಗತದ. ಒಂದು ಪದಾನೂ ತಿಳಿಯಂಗಿಲ್ಲ."

"ನಿನ್ನೆ ಏರಿಸಿದ್ರೇನು?"

"ಮಂದಿ ಬಂದಂಗ ಬಂದಂಗ ಏರಿಸ್ಕೋತ ಹೋದೆ. ಮುಗಿಯೂತನಕ ಇಲ್ಲಿಂದ ಎದ್ದಿಲ್ಲ."

"ನಡುವ ಸೆಟ್ ಏನರ ಕೈಕೊಟ್ಟಿತ್ತಾ?"

"ನನ್ನ ಸೆಟ್ ಕೈಕೊಡಂಗಿಲ್ಲ ಮೇಡಂ."

ಹೊರಗೆ ಬಂದು ಮಲ್ಲಣ್ಣ ತಲೆ ಅಲ್ಲಾಡಿಸಿದ. "ಇವ ಅಲ್ಲ ಬಿಡ್ರಿ."

ಸಾವಿತ್ರಿಬಾಯಿಗೂ ಹಾಗೇ ಅನಿಸಿತ್ತು. ಆದರೂ ಎದುರಿನ ಚಹಾದಂಗಡಿಯವನನ್ನು, ನಿನ್ನೆಯ ಹಾಡು ಹೇಗಿತ್ತು ಎಂದು ಕೇಳಿದಳು.

"ದನಿ ಚಲೋ ಇತ್ರೀ. ಆದ್ರ ಏನ್ ಹಾಡಾಕತ್ತಾರ ಅಂತ ತಿಳೀಲಿಲ್ಲ. ಹಲೀಮಾ ಟೀಚರ್ ಟೇಪ್ ಮಾಡ್ಕೊಂಡಾರ, ಅವರಿಗಿ ಕೇಳ್ರಿ."

* * *

ಹಲೀಮಾ ಊರಿನ ಶಾಲೆಯ ಶಿಕ್ಷಕಿ. ಹಾಸಿಗೆ ಹಿಡಿದ ಅತ್ತೆಗೆ ಕೇಳಿಸಬೇಕೆಂದು, ಹಾಲಿನ ದೊಡ್ಡ ಸ್ಪೀಕರಿನ ಹತ್ತಿರ ಕೂತು ಇಡೀ ಕಾರ್ಯಕ್ರಮವನ್ನು ಕ್ಯಾಸೆಟ್‌ಗಳಿಗೆ ತುಂಬಿಕೊಂಡಿದ್ದರು. ಮೂವರೂ ಅತ್ತೆಯ ಮಂಚದ ಬಳಿ ಕೂತು ಕೇಳಿದರು.

ಮೊದಲ ಹಾಡು ಸ್ಪಷ್ಟ. ಒಂದೊಂದು ಪದವೂ ಬಿಡಿಬಿಡಿ.

"ಆಗ ಅರ್ಧ ಕುರ್ಚಿ ಖಾಲಿ ಇದ್ದುವು," ಎಂದರು ಹಲೀಮಾ. "ಹುಮನಾಬಾದ ಬಸ್ಸು ತಡ ಆಗಿತ್ತು. ಎರಡನೇ ಹಾಡಿಗಿ ಹಾಲು ತುಂಬಿತು, ನಿಲ್ಲಾಕ ಜಾಗ ಇರಲಿಲ್ಲ."

ಎರಡನೇ ಹಾಡಿನಲ್ಲಿ ದನಿ ಮಂಕಾಗುತ್ತ ಬಂತು. ಮೂರನೆಯದರಲ್ಲಿ ಮಾತು ಮಾಯವಾಗಿ ಬರೀ ರಾಗ ಉಳಿಯಿತು. ನಾಲ್ಕು, ಐದು, ಅದೇ ಕಥೆ. ಪುತಳಾಬಾಯಿ ಒಂದೊಂದು ಹಾಡನ್ನೂ ಅರ್ಧ ತಾಸು ಬೆಳೆಸುವವರು. ಅತ್ತೆಗೆ ಜೊಂಪು ಹತ್ತಿತು.

ಆರನೇ ಹಾಡಿನ ನಡುವೆ, ಒಂದು ಸಾಲಿನ ಅರ್ಧದಲ್ಲಿ, ದನಿ ಕಿಟಕಿ ತೆರೆದಂತೆ ಬಿಚ್ಚಿಕೊಂಡಿತು. ಅತ್ತೆ ಕಣ್ಣು ಬಿಟ್ಟರು.

"ಇನ್ನೊಮ್ಮೆ ಹಾಕ್ರಿ," ಎಂದಳು ಸಾವಿತ್ರಿಬಾಯಿ.

* * *

ಠಾಣೆಯಲ್ಲಿ ಚಂದ್ರಶಾ ಕೈ ಕಟ್ಟಿಕೊಂಡು ಕ್ಯಾಸೆಟ್ ಕೇಳಿದ. ಮೂರನೇ ಹಾಡು ಬಂದಾಗ ಅವನ ಮುಖ ಹಿಂಡಿದಂತಾಯಿತು.

"ಹಾಲು ತುಂಬಿದ್ದು ಎರಡನೇ ಹಾಡಿಗಿ," ಎಂದಳು ಸಾವಿತ್ರಿಬಾಯಿ. "ನೀವು ಗುಂಡಿ ಏರಿಸಿದ್ದು ಆರನೇ ಹಾಡಿನ್ಯಾಗ. ಸೆಟ್ ಕೆಟ್ಟಿರಲಿಲ್ಲ ಅಂತ ನೀವೇ ಹೇಳೀರಿ. ಅಲ್ಲೇ ಕೂತಿದ್ರ ಇಂಥ ಸದ್ದು ನೀವು ಒಂದು ಗಳಿಗಿ ಬಿಡ್ತಿದ್ರೇನು?"

ಸಾವಿತ್ರಿಬಾಯಿ ಟೇಪ್ ನಿಲ್ಲಿಸಿದಳು.

"ಮೊದಲ ಹಾಡು ಸರಿ ಬಂತು ಅಂತ ಎದ್ರಿ. ಅರ್ಧ ಹಾಲು ಖಾಲಿ ಇದ್ದಾಗ ಅದು ಸರೀನೇ ಇತ್ತು. ತಡ ಆದ ಬಸ್ಸಿನ ಮಂದಿ ಆಮ್ಯಾಲ ಬರ್ತಾರಂತ ನಿಮ್ಮ ಲಕ್ಷ್ಯಕ್ಕ ಬರಲಿಲ್ಲ. ಬ್ಯಾಗಿನ್ಯಾಗಿಂದ ಕೀಲಿಕೈ ತಗೊಂಡು ಹೋದ್ರಿ. ಗುಂಡಮ್ಮ ಮನ್ಯಾಗ ಇಲ್ಲದ್ದು ನಿಮ್ಮ ನಸೀಬು. ಮುಗಿಯೂದರೊಳಗ ಬಂದು ಕೀಲಿಕೈ ತಿರುಗಿ ಇಟ್ರಿ. ಆಮ್ಯಾಲ ಗುಂಡಿ ಮುಟ್ಟದ ಸುಮ್ಮನ ಕೂತಿದ್ರ ಮಂದಿ ಸೆಟ್ ಹಳೇದು ಅಂತಿದ್ರು. ನಾನೂ ಅದೇ ನಂಬ್ತಿದ್ದೆ."

ಚಂದ್ರಶಾ ಕಟ್ಟಿದ ಕೈ ಬಿಟ್ಟ.

"ಹಿಂದಿನ ಬಾಗಿಲಿಂದ ಒಳಗ ಬಂದೆ," ಎಂದ. "ಬಾಯಾರ ದನಿ ಹಂಗ ಕೇಳಿ ತಡಕೊಳ್ಳಾಕ ಆಗಲಿಲ್ಲರೀ. ಕೈ ತಾನೇ ಗುಂಡಿಗಿ ಹೋತು. ಮುಂದಿನ ಕಾರ್ಯಕ್ರಮದಿಂದ ಹೈದರಾಬಾದಿನ ಸೆಟ್ ಕರಸ್ತೀನಿ ಅಂದಿದ್ರು ಅವರು. ಕಡಗ ಮಾರಿ ಅದರಕಿಂತ ದೊಡ್ಡ ಸೆಟ್ ತಂದು ತೋರಸಬೇಕು ಅಂತ ತಲಿಯೊಳಗ ಹೊಕ್ಕಿತ್ತು."

ಕಡಗ ಅವನ ಅಂಗಡಿಯಲ್ಲೇ ಸಿಕ್ಕಿತು, ಸುಟ್ಟುಹೋದ ಒಂದು ಸ್ಪೀಕರಿನ ಹೊಟ್ಟೆಯೊಳಗೆ.

* * *

ಪುತಳಾಬಾಯಿ ಠಾಣೆಗೆ ಬಂದು ಬಿಟ್ಟರೂ ಮನೆಗೆ ಹೋಗದೆ ಬೆಂಚಿನ ಮೇಲೆ ಕೂತಿದ್ದ ಗುಂಡಮ್ಮನ ಮುಂದೆ ನಿಂತರು.

"ತಪ್ಪಾತು ಗುಂಡಿ. ನಡಿ, ಮನಿಗಿ ಹೋಗೂಣು."

ಗುಂಡಮ್ಮ ಸೆರಗು ಸರಿಮಾಡಿಕೊಂಡಳು. ದನಿ ಏರಿಸಲಿಲ್ಲ.

"ಓಣಿ ಮಂದಿ ಎಲ್ಲಾ ನಾ ಜೀಪ್ ಹತ್ತೂದು ನೋಡ್ಯಾರ್ರೀ ಅಕ್ಕಾರ. ನಾ ಕದ್ದಿಲ್ಲಂತ ಅವರಿಗಿ ನೀವೇ ಹೇಳ್ರಿ. ಆಮ್ಯಾಲ ಒಳಗ ಬರ್ತೀನಿ."

ಸಾವಿತ್ರಿಬಾಯಿ ಇಬ್ಬರನ್ನೂ ಜೀಪಿನಲ್ಲಿ ಓಣಿಯ ತುದಿಗೆ ಬಿಟ್ಟಳು. ಪುತಳಾಬಾಯಿ ಮೊದಲನೇ ಮನೆಯ ಬಾಗಿಲು ತಟ್ಟಿದರು. ಗುಂಡಮ್ಮ ಅವರ ಪಕ್ಕದಲ್ಲೇ ನಿಂತಿದ್ದಳು.