ಮೇಷ್ಟ್ರ ಲೆಕ್ಕ ಸರಿಯಿತ್ತು

ಮೇಷ್ಟ್ರ ಮೊದಲ ಇಮೇಲ್ ಅವಳಿಗೆ ಬಂದದ್ದು ಒಂದು ಸೋಮವಾರ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವರು. 'ನಿಮ್ಮ ವೆಬ್‌ಸೈಟಿನ ಉಳಿತಾಯದ ಕ್ಯಾಲ್ಕುಲೇಟರ್ ಕೊಡುವ ಮೊತ್ತಕ್ಕೂ ನಾನು ಬೋರ್ಡಿನ ಮೇಲೆ ಮಾಡಿದ ಲೆಕ್ಕಕ್ಕೂ ತಾಳೆಯಾಗುತ್ತಿಲ್ಲ. ಮಕ್ಕಳ ಮುಂದೆ ನನ್ನ ಮಾನ ಹೋಗುವ ಮೊದಲು, ತಪ್ಪು ಯಾರದೆಂದು ತಿಳಿಸುವಿರಾ?'

ಆ ಹಣಕಾಸು ವೆಬ್‌ಸೈಟಿನ ಇಪ್ಪತ್ತೆರಡು ಕ್ಯಾಲ್ಕುಲೇಟರ್‌ಗಳನ್ನು ಬರೆದವಳೂ, ಕೆಟ್ಟರೆ ಸರಿಮಾಡುವವಳೂ ಅವಳೇ. ಕೋಡ್ ತೆರೆದು ನೋಡಿದಳು. ಹನ್ನೊಂದು ದಿನದ ಹಿಂದೆ ಮನೆಗೆ ಹೊರಡುವ ಅವಸರದಲ್ಲಿ ಒಂದು ಸಾಲು ಬದಲಿಸಿ, ಟೆಸ್ಟ್ ಮಾಡದೆ ಬಿಟ್ಟಿದ್ದಳು. ಅಂದಿನಿಂದ ಉಳಿತಾಯದ ಕ್ಯಾಲ್ಕುಲೇಟರ್ ತಿಂಗಳ ಕೊನೆಗೆ ಕಟ್ಟುವ ಹಣಕ್ಕೂ ತಿಂಗಳ ಮೊದಲ ದಿನವೇ ಕಟ್ಟಿದಂತೆ ಬಡ್ಡಿ ಸೇರಿಸುತ್ತಿತ್ತು.

ಹತ್ತು ನಿಮಿಷದಲ್ಲಿ ಸರಿಪಡಿಸಿದಳು. ಯಾರಿಗೂ ಹೇಳಲಿಲ್ಲ. ಮೇಷ್ಟ್ರಿಗೆ ಬರೆದಳು: 'ನಮ್ಮ ಕ್ಯಾಲ್ಕುಲೇಟರ್ ಸರಿಯಾಗಿದೆ. ದಯವಿಟ್ಟು ಇನ್ನೊಮ್ಮೆ ನೋಡಿ.'

ಅವರು ನೋಡಿದರು. ಈಗ ತಾಳೆಯಾಯಿತು. 'ಕ್ಷಮಿಸಿ, ತಪ್ಪು ನನ್ನದೇ ಇರಬೇಕು' ಎಂದು ಬರೆದರು.

ಆ ಕ್ಷಮೆ ಅವಳಿಗೆ ಮುಳ್ಳಿನಂತೆ ಚುಚ್ಚಿತು. ಚುಚ್ಚಿದ್ದನ್ನು ಮರೆಯಲೆಂದೋ ಏನೋ, 'ನೀವು ಕೈಯಲ್ಲಿ ಮಾಡಿದ ಲೆಕ್ಕಗಳನ್ನು ಕಳಿಸಿದರೆ ನಮಗೆ ಪರೀಕ್ಷಿಸಲು ಅನುಕೂಲ' ಎಂದಳು. ವಾರವಾರವೂ ದುಂಡು ಅಕ್ಷರದ ಒಂದು ಹಾಳೆಯ ಫೋಟೋ ಬರತೊಡಗಿತು. ಅಂಚಿನಲ್ಲಿ ಒಂದು ತಮಾಷೆ. ಶಾಲೆ ಅವಳ ಆಫೀಸಿನಿಂದ ಎರಡೇ ಬೀದಿ ಆಚೆ ಎಂದು ತಿಳಿದ ಮೇಲೆ ಹಾಳೆಯನ್ನು ಅವರೇ ತಂದು ಕೊಡತೊಡಗಿದರು.

ಎದುರಿನ ಪಾರ್ಕಿನಲ್ಲಿ ಕೂತು ಅವಳು ಅಂಕಿ ನೋಡುತ್ತಿದ್ದರೆ, ಅವರು ಅವಳನ್ನು ನೋಡುತ್ತಿದ್ದರು.

"ನನ್ನ ಮುಖದ ಮೇಲೂ ಲೆಕ್ಕ ಬರ್ದಿದೆಯಾ?"

"ಇದೆ. ಸ್ವಲ್ಪ ಕಷ್ಟದ್ದು. ನಿಧಾನಕ್ಕೆ ಬಿಡಿಸ್ತೀನಿ."

ಅವಳ ಕಿವಿ ಬಿಸಿಯಾಯಿತು. ಮನೆಯಲ್ಲಿ ಅಕ್ಕ ಬಿಡುತ್ತಿರಲಿಲ್ಲ. "ಬರೀ ಲೆಕ್ಕ ಅಂದ್ರೆ ಯಾರೂ ಇಷ್ಟು ಸಲ ಕನ್ನಡಿ ನೋಡ್ಕೊಳ್ಳಲ್ಲ ಕಣೇ."

ಐದು ತಿಂಗಳಾಯಿತು. ಒಂದು ಶನಿವಾರ ಅವರು ಅಂಗೈಗೆ ಹತ್ತಿದ ಸೀಮೆಸುಣ್ಣ ಒರೆಸಿಕೊಳ್ಳುತ್ತ ಹೇಳಿದರು: "ನಿಮಗೊಂದು ಥ್ಯಾಂಕ್ಸ್ ಹೇಳ್ಬೇಕು. ಆವತ್ತು ಕ್ಲಾಸಲ್ಲಿ ನಿಂತು, ನನ್ನದೇ ತಪ್ಪು ಅಂತ ಒಪ್ಕೊಂಡೆ. ಆಮೇಲೆ ಬೋರ್ಡ್ ಮೇಲೆ ಏನೇ ಬರೆಯೋಕೂ ಮುಂಚೆ ಫೋನಲ್ಲಿ ತಾಳೆ ನೋಡ್ಕೊಳ್ತೀನಿ. ಅಹಂಕಾರ ಇಳೀತು." ಕೈ ಒರೆಸುವುದನ್ನು ನಿಲ್ಲಿಸಿ, "ಮನೇಲಿ ನಿಮ್ಮ ವಿಷಯ ಹೇಳ್ಲಾ?"

ಎಷ್ಟು ದಿನದಿಂದ ಕಾದಿದ್ದ ಮಾತು. ಈಗ ಕೇಳಿದಾಗ ನೆನಪಾದದ್ದು ತಾನು ಬರೆದ ಆ ಸುಳ್ಳು. ಹೂಂ ಎಂದುಬಿಟ್ಟರೆ ಆಯಿತು. ಅವರಿಗೆ ಎಂದೂ ಗೊತ್ತಾಗುವುದಿಲ್ಲ.

"ಮೊದ್ಲು ನಾನೊಂದು ಹೇಳ್ಬೇಕು" ಎಂದವಳು, ತಲೆ ತಗ್ಗಿಸಿ, ಒಂದನ್ನೂ ಬಿಡದೆ ಹೇಳಿದಳು.

"ಹಾಗಾದ್ರೆ ಆವತ್ತು ನನ್ನ ಲೆಕ್ಕ ಸರಿ ಇತ್ತು."

"ಇತ್ತು."

"ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

ಮೇಷ್ಟ್ರು ಎದ್ದು ನಿಂತರು. "ತಪ್ಪು ಎಲ್ಲರೂ ಮಾಡ್ತಾರೆ. ದಿನಾ ನಾನು ತಿದ್ದೋದೇ ಅದನ್ನ. ಆದ್ರೆ ಐದು ತಿಂಗಳು ನಾನು ನನ್ನ ಕೈಯನ್ನೇ ನಂಬಲಿಲ್ಲ."

ಅವರು ಹಿಂದಿರುಗಿ ನೋಡದೆ ಹೋದರು.

ಸೋಮವಾರ ಅವಳು ಮ್ಯಾನೇಜರ್ ಮುಂದೆ ನಿಂತು ಎಲ್ಲ ಹೇಳಿ, ಆ ತಪ್ಪನ್ನು ವೆಬ್‌ಸೈಟಿನಲ್ಲಿ ಪ್ರಕಟಿಸಬೇಕೆಂದಳು. "ಹಳೇ ತಪ್ಪನ್ನ ಈಗ್ಯಾಕೆ ಕೆದಕ್ತೀಯಮ್ಮ? ಯಾರಿಗೂ ಗೊತ್ತಾಗಿಲ್ಲ" ಎಂದರು ಆಕೆ.

"ಆ ಹನ್ನೊಂದು ದಿನ ನೋಡ್ದೋರು ಅದೇ ಮೊತ್ತ ಬರುತ್ತೆ ಅಂತ ನಂಬ್ಕೊಂಡಿರ್ತಾರೆ ಮೇಡಂ."

ಆಕೆ ಮುಖ ಗಂಟಿಕ್ಕಿಕೊಂಡೇ ಒಪ್ಪಿದರು. ಇನ್ನು ಮುಂದೆ ಇನ್ನೊಬ್ಬರು ನೋಡದೆ ಅವಳು ಒಂದು ಸಾಲನ್ನೂ ಬದಲಿಸುವಂತಿಲ್ಲ ಎಂದೂ ಹೇಳಿದರು. ಆ ಸಂಜೆ ಕ್ಯಾಲ್ಕುಲೇಟರಿನ ಕೆಳಗೆ ಪ್ರಕಟಣೆ ಬಂತು: ತಪ್ಪು ಏನು, ಯಾವ ದಿನದಿಂದ ಯಾವ ದಿನದವರೆಗೆ, ಎಷ್ಟು ಹೆಚ್ಚು ತೋರಿಸಿತ್ತು. ಕೊನೆಗೆ, 'ಇದನ್ನು ಕಂಡುಹಿಡಿದವರು ಒಬ್ಬ ಗಣಿತ ಮೇಷ್ಟ್ರು. ನಮ್ಮದು ಸರಿಯಾಗಿದೆ ಎಂದು ನಾವು ಅವರಿಗೆ ಬರೆದದ್ದು ಸುಳ್ಳು.'

ಮೂರು ವಾರ ಹಾಳೆ ಬರಲಿಲ್ಲ. ಅವಳು ಕೇಳಲೂ ಇಲ್ಲ. ಕೇಳುವ ಮುಖ ಎಲ್ಲಿತ್ತು?

ನಾಲ್ಕನೆಯ ಶನಿವಾರ ಆಫೀಸಿನ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಾಗ, ಮೇಷ್ಟ್ರು ಎದುರು ಬಂದು ನಿಂತರು.

"ಕ್ಲಾಸಿಗೆ ನಿಮ್ಮ ಪ್ರಕಟಣೆ ಓದಿ ಹೇಳ್ದೆ. ಆ ಮೇಡಂಗೆ ಏನು ಶಿಕ್ಷೆ ಸಾರ್ ಅಂದ್ರು ಮಕ್ಕಳು."

"ಏನಂದ್ರಿ?"

"ಯೋಚ್ನೆ ಮಾಡ್ತಿದೀನಿ ಅಂದೆ."

ಅವಳು ಕಣ್ಣೆತ್ತಲಿಲ್ಲ. "ಕೋಪ ಇಳೀತಾ?"

"ಇಲ್ಲ. ಆದ್ರೆ ದೂರ ಕೂತು ಕೋಪ ಮಾಡ್ಕೊಳ್ಳೋದು ತುಂಬಾ ಬೇಜಾರು. ಅದಕ್ಕೆ, ಪಕ್ಕದಲ್ಲೇ ಕೂತು ಮಾಡ್ಕೊಳ್ಳೋಣ ಅಂತ ಬಂದೆ."

ಅವಳು ಕ್ಷಮೆ ಕೇಳಬೇಕೆಂದು ಬಾಯಿ ತೆರೆದಳು. ಅದರ ಬದಲು ಮೆಟ್ಟಿಲ ಮೇಲೆ ಸರಿದು ಜಾಗ ಮಾಡಿಕೊಟ್ಟಳು.