ಬರಬೇಕಿತ್ತು, ಬರಲಿಲ್ಲ

ಕೊನೆಯ ಬೆಂಚಿನಲ್ಲಿ ಕೂತಿದ್ದ ಹೊಸ ವಿದ್ಯಾರ್ಥಿಯನ್ನು ಕಂಡದ್ದೇ ಭಾಗ್ಯಜ್ಯೋತಿಯ ಕೈಯಲ್ಲಿದ್ದ ಮಾರ್ಕರ್ ನಿಂತೇಹೋಯಿತು.

ದಿನೇಶ್! ಉತ್ತರಹಳ್ಳಿಯ ಟೈಲ್ಸ್ ಅಂಗಡಿಯ ದಿನೇಶ್, ಅವಳು ಮೆಚ್ಚಿದ್ದ ಹುಡುಗ... ಹತ್ತು ತಿಂಗಳ ಹಿಂದೆ, ಹೆಣ್ಣು ಕೇಳಲು ತಾಯಿಯ ಜೊತೆ ಬರುತ್ತೇನೆಂದು ಹೇಳಿ ಬಾರದೇ ಹೋದ ಪುಣ್ಯಾತ್ಮ.

ವಾರವಿಡೀ ಆಫೀಸು, ಭಾನುವಾರ ಕುಮಾರಸ್ವಾಮಿ ಲೇಔಟಿನಲ್ಲಿ ಈ ಇಂಗ್ಲಿಷ್ ಕ್ಲಾಸು. ದಣಿದ ಜೀವಕ್ಕೆ ಸಿಟ್ಟು ಮಾಡಿಕೊಳ್ಳಲೂ ತ್ರಾಣವಿರಲಿಲ್ಲ. ಅದೂ ಇವತ್ತೇ ಬರಬೇಕೆ ಇವನು? ಗದಗಿನ ಸಂಬಂಧಕ್ಕೆ ಸಂಜೆಯೊಳಗೆ ಹೂಂ ಅನ್ನು ಎಂದು ಅವ್ವ ಮುರಿಗೆವ್ವ ಬೆಳಿಗ್ಗೆಯೇ ಫೋನಿನಲ್ಲಿ ಗೋಗರೆದಿದ್ದಳು.

ಪಾಠವಾದರೂ ಎಂಥದ್ದು ನೋಡಿ! ಆಗಬೇಕಾಗಿದ್ದು ಆಗದೇ ಹೋದರೆ ಇಂಗ್ಲಿಷಿನಲ್ಲಿ ಹೇಗೆ ಹೇಳುವುದು ಎಂಬುದು. ಬೋರ್ಡಿನ ಮೇಲೆ ‘ಶುಡ್ ಹ್ಯಾವ್’ ಎಂದು ಬರೆದು, ಒಬ್ಬೊಬ್ಬರೂ ಒಂದು ವಾಕ್ಯ ಹೇಳಿ ಎಂದಳು. ಒಬ್ಬರು ಬರಬೇಕಿದ್ದ ಬಸ್ಸಿನ ಬಗ್ಗೆ ಹೇಳಿದರು, ಇನ್ನೊಬ್ಬರು ಸಿಗಬೇಕಿದ್ದ ಪ್ರಮೋಷನ್ ಬಗ್ಗೆ. ಸರದಿ ಕೊನೆಯ ಬೆಂಚಿಗೆ ಬಂತು.

“ಐ ಶುಡ್ ಹ್ಯಾವ್ ಕಮ್, ಮೇಡಂ,” ಎಂದ ದಿನೇಶ್. ತಲೆ ಎತ್ತಲಿಲ್ಲ.

‘ವಾಕ್ಯ ಬರೋಬ್ಬರಿ ಐತಿ. ಹತ್ತು ತಿಂಗಳ ತಡ ಆತು...’ ಎಂದುಕೊಂಡಳು. ಕ್ಲಾಸು ಬೇಗ ಬಿಟ್ಟಳು.

ಎಲ್ಲರೂ ಹೋದ ಮೇಲೂ ಅವನು ಅಲ್ಲೇ ನಿಂತಿದ್ದ.

“ಅವತ್ತು ಅವ್ವ ಗೋಧಿ ಹುಗ್ಗಿ ಮಾಡಿಟ್ಟು ಸಂಜಿತನ ಬಾಗಲಾ ಕಾದ್ಲು. ಎಲ್ಲಿದ್ದಿ ನೀ?”

ಅವನು ಹೇಳಿದ. ಶುಭಕಾರ್ಯಕ್ಕೆ ಹೊರಡುವ ಮುಂಚೆ ಮನೆದೇವರ ಗುಡಿಯಲ್ಲಿ ಹೂವಿನ ಪ್ರಸಾದ ಕೇಳುವುದು ಅವರ ಪದ್ಧತಿ. ಬಲಗಡೆ ಹೂ ಬಿದ್ದರೆ ಅಪ್ಪಣೆ. ಅವತ್ತು ಎಡಕ್ಕೂ ಬೀಳಲಿಲ್ಲ, ಬಲಕ್ಕೂ ಬೀಳಲಿಲ್ಲ. ತಾಯಿ ಸೊಣ್ಣಮ್ಮ ಕೂತಲ್ಲಿಂದ ಏಳಲಿಲ್ಲ. ಈಗ ಬಿದ್ದೀತು, ಆಗ ಬಿದ್ದೀತು ಎಂದು ಮಗನೂ ಕೂತ. ಸಂಜೆ ಹೊರಗೆ ಬಂದು ಫೋನ್ ಮಾಡಿದರೆ ಇವಳು ನಂಬರ್ ಬ್ಲಾಕ್ ಮಾಡಿದ್ದಳು. ಆಮೇಲೆ ಬಿಟಿಎಂನ ರೂಮನ್ನೂ ಬದಲಿಸಿಬಿಟ್ಟಳು. ಮೊನ್ನೆ ಈ ಕ್ಲಾಸಿನ ಜಾಹೀರಾತಿನಲ್ಲಿ ಅವಳ ಹೆಸರು ಕಂಡು ಬಂದು ಸೇರಿಕೊಂಡಿದ್ದ.

ಅಲ್ಲ ಕಣ್ರೀ, ಜೇಬಿನಲ್ಲಿ ಫೋನಿಟ್ಟುಕೊಂಡು ‘ತಡವಾಗುತ್ತೆ’ ಅಂತ ಒಂದು ಮಾತು ಹೇಳುವುದಕ್ಕೂ ದೇವರ ಅಪ್ಪಣೆ ಬೇಕಿತ್ತೇ?

“ದೇವ್ರ ಮೇಲೆ ಹಾಕಲ್ಲ ಜ್ಯೋತಿ. ನಾನು ಎದ್ದು ಬರ್ಬೇಕಿತ್ತು. ಹೆದರ್ಕೊಂಡೆ.”

ನೆಪ ಹೇಳಿದ್ದರೆ ಬಾಗಿಲು ತೋರಿಸುತ್ತಿದ್ದಳು. ಈ ಒಂದು ಮಾತಿಗಾಗಿಯೇ ಇಷ್ಟು ದಿನ ಕಾದಿದ್ದೆನಲ್ಲ ಎನಿಸಿ ಕಣ್ಣು ತುಂಬಿತು.

“ಈಗರ ಹೂ ಬಿತ್ತೇನು?”

“ಕೇಳ್ಲಿಲ್ಲ. ಅಮ್ಮನೇ ಬೇಡ ಅಂದ್ರು. ಕೆಳಗೆ ಆಟೋದಲ್ಲಿ ಕೂತವ್ರೆ.”

ಅವಳು ಕಿಟಕಿಯಿಂದ ಬಗ್ಗಿ ನೋಡಿದಳು. ಸೊಣ್ಣಮ್ಮ ಮಡಿಲಲ್ಲಿ ಹಣ್ಣಿನ ತಟ್ಟೆ ಇಟ್ಟುಕೊಂಡು, ಬಿಸಿಲಿಗೆ ಸೆರಗು ಮರೆಮಾಡಿ ಕೂತಿದ್ದರು.

ಭಾಗ್ಯಜ್ಯೋತಿ ಕುರ್ಚಿ ಎಳೆದುಕೊಂಡು ಕೂತಳು. “ಕಾದು ಕಾದು ಸಾಕಾಗೇತಿ ದಿನೇಶ...”

“ಇನ್ನು ಕಾಯಿಸಲ್ಲ.”

“ಹಂಗಾದ್ರ ಅತ್ತಿಯಾರನ್ನ ಯಾಕ ಬಿಸಲಾಗ ಕುಂದ್ರಿಸೀದಿ? ಮ್ಯಾಲ ಕರ್ಕೊಂಡು ಬಾ.”